ನೈರೋಬಿಯಲ್ಲಿ ಹೇಮಾವತಿ

ನೈರೋಬಿ, ಆಗಸ್ಟ್ ೨೦೦೩

ದೊಡ್ಡಮ್ಮನಿಗೆ ಹಂಸಳ ನಮಸ್ಕಾರ.

ನಮ್ಮಂಥ ಬಡ ದೇಶಗಳ ನಕ್ಷೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಾಗಿ ಕೂಡಿಸಿ, ಎಲ್ಲರೂ ಬಳಸುವಂತೆ ಮಾಡಲು ಬಂದೆವಲ್ಲ, ಇವತ್ತು ಕೂಡಿತು! ಆಗದ ಕೆಲಸ ಎಂದು ಮೂಗು ಮುರಿದವರು ಈಗ ಬಂದು ನೋಡಲಿ. ಗೋಡೆಯ ಪರದೆಯಲ್ಲಿ ಮೊದಲು ಮೂಡಿದ್ದು ನಾನು ಮಾಡಿದ ಹಾಸನದ ನಕ್ಷೆ. ಬಸ್ಸಿನಲ್ಲಿ ನೀವು "ಹೊಳೆ ಬಂತು, ಕೈ ಮುಗಿಯೇ" ಅಂತಿದ್ದಿರಲ್ಲ, ಹೊಳೆನರಸೀಪುರದ ಸೇತುವೆ ಕಂಡದ್ದೇ ತಡ, ತುಂಬಿದ ಸಭೆಯಲ್ಲಿ ಹೇಮಾವತಿಗೆ ಕೈ ಮುಗಿದುಬಿಟ್ಟೆ. ಎಲ್ಲರೂ ನಕ್ಕರು. ಯಾಕೆಂದು ಹೇಳಿದೆ. ಆಮೇಲೆ ನೈಲ್ ನದಿ ಮೂಡಿದಾಗ ಉಗಾಂಡದ ಹಿರಿಯರೊಬ್ಬರು ಎದ್ದು ನಿಂತು ಕೈ ಮುಗಿದರು, ಅವರ ಹಿಂದೆಯೇ ಇಡೀ ಸಭೆ.

ಕೆಮ್ಮು ಬಿಟ್ಟಿದೆ, ನಿಮ್ಮ ಚಟ್ನಿಪುಡಿ ಇನ್ನೂ ಇದೆ. ಸಭೆಯಲ್ಲೇ ಕೂತು ಬರೆಯುತ್ತಿದ್ದೇನೆ. ನಿಲ್ಲಿಸುತ್ತೇನೆ, ಇನ್ನೊಂದು ಹೊಳೆ ಬಂತು.

ಹಂಸ