ನಿನ್ನ ಮದುವೆಯ ಹಾಡು

ಹುಬ್ಬಳ್ಳಿ
ನವೆಂಬರ್ ೧೦, ೨೦೨೪, ರವಿವಾರ

ನನ್ನ ಮುದ್ದಿನ ಗೆಳತಿ ಸುಲಭಾಳಿಗೆ ಸುಗಂಧಿಯ ಪ್ರೀತಿಯ ವಂದನೆಗಳು.

ನಮ್ಮ ಚರ್ಚಿನ ಸಭೆಗೆ ನೂರೈವತ್ತು ವರ್ಷ ತುಂಬಿತು ನೋಡು! ಚರಿತ್ರೆಯ ಪುಸ್ತಕ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಮೂರು ತಿಂಗಳಿಂದ ಹಳೆಯ ರಿಜಿಸ್ಟರುಗಳ ಧೂಳು ಕುಡಿದು ಸೀನುತ್ತಿದ್ದೇನೆ. ಗಂಟೆ ಇಲ್ಲದ ಕಾಲದಲ್ಲಿ ರೈಲು ಹಳಿಯ ತುಂಡು ಬಾರಿಸಿ ಜನರನ್ನು ಆರಾಧನೆಗೆ ಕರೆಯುತ್ತಿದ್ದರಂತೆ. ಅದನ್ನೆಲ್ಲ ಹೇಳಹೋದರೆ ಯಾರಿಗೂ ಬೇಡ. ಎಲ್ಲರದೂ ಒಂದೇ ಪ್ರಶ್ನೆ: "ಸುಲಭಾನ ಮದ್ವಿ ಸುದ್ದಿ ಹಾಕೀರಿಲ್ಲೋ?"

ಹಾಕದೆ ಇರುತ್ತೇನೆಯೇ! ಅಂದು ಹಾಡಿನ ಸಂಖ್ಯೆ ತೋರಿಸುವ ಹಲಗೆಯ ಮೇಲೆ 206 ಇರಬೇಕಿತ್ತು, ಮದುವೆಯ ಹಾಡು. ಆರು ಅಂಕಿಯ ಬಿಲ್ಲೆ ತಲೆಕೆಳಗಾಗಿ 209 ಆಗಿತ್ತು, ಸತ್ತವರನ್ನು ಮಣ್ಣು ಮಾಡುವಾಗ ಹಾಡುವ ಹಾಡು. ಹಲಗೆಯ ಮೇಲೆ ಇದ್ದದ್ದನ್ನೇ ಹಾಡುವುದು ನಮ್ಮ ಸಭೆಯ ಶಿಸ್ತು. ಇಡೀ ಸಭೆ ಎದ್ದು ನಿಂತು ಒಂದು ಚರಣ ಪೂರ್ತಿ ಹಾಡಿಯೇಬಿಟ್ಟಿತು! ನಿನ್ನ ಅತ್ತೆ ಎದೆ ಹಿಡಿದುಕೊಂಡು ಕೂತರು, ನೀನು ಮುಸುಕಿನೊಳಗೆ ನಗುತ್ತಿದ್ದೆ. ಅಪಶಕುನವೆಂದರು. ಮೂವತ್ತೆಂಟು ವರ್ಷವಾಯಿತು, ನಿನ್ನ ಯಜಮಾನರು ಈಗಲೂ ಸೈಕಲ್ ತುಳಿಯುತ್ತಾರೆ.

ಕರಡಿನಲ್ಲಿ ಕಮಿಟಿಯವರು, "ಇದು ಗಂಟೆ ಬಾರಿಸುವ ಯೋಹಾನಪ್ಪನವರ ತಪ್ಪು" ಎಂದು ಸೇರಿಸಿದ್ದರು. ಐವತ್ತು ವರ್ಷ ಗಂಟೆ ಬಾರಿಸಿದ ಮನುಷ್ಯನ ಹೆಸರು ಇಡೀ ಪುಸ್ತಕದಲ್ಲಿ ಅದೊಂದೇ ಕಡೆ. ಇಂದು ಆರಾಧನೆ ಮುಗಿದ ಮೇಲೆ ಯೋಹಾನಪ್ಪ ಕಾಕಾರಿಗೆ ಓದಿ ಹೇಳಿದೆ. "ಇರ್ಲಿ ಬಿಡವ್ವಾ. ಒಂದ ರವಿವಾರನೂ ಗಂಟಿ ತಪ್ಪಿಸಿಲ್ಲ, ಅದೊಂದು ಬರಿ, ಸಾಕು" ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ. ಆ ಸಾಲು ಹೊಡೆದುಹಾಕಿ ನಿಜ ಬರೆದು ಕಮಿಟಿಯ ಮುಂದಿಟ್ಟೆ. ನಕ್ಕೂ ನಕ್ಕೂ ಎಲ್ಲರ ಚಹಾ ಆರಿತು.

ಡಿಸೆಂಬರ್ ಹದಿನೈದಕ್ಕೆ ಪುಸ್ತಕದ ಬಿಡುಗಡೆ. ಮೊದಲ ಗಂಟೆ ಕಾಕಾರದೇ. ಯಜಮಾನರನ್ನು ಕರೆದುಕೊಂಡು ಬಾ. ಈ ಸಲ 206 ಹಾಡಿಸುತ್ತೇನೆ.

ನಿನ್ನ,
ಸುಗಂಧಿ

ತಾ.ಕ.: ಅಂದು ಕಾಕಾ ಗಂಟೆಯ ಹಗ್ಗ ಹಿಡಿದಿದ್ದರು. ನಿನ್ನ ಉಗುರಿಗೆ ಬಣ್ಣ ಹಚ್ಚಿ ಓಡೋಡಿ ಬಂದು ಬಿಲ್ಲೆ ತಲೆಕೆಳಗಾಗಿ ಜೋಡಿಸಿದವಳು ನಾನು. ಮರುದಿನ ಕದ್ದು ಹೋಗಿ, ಉಳಿದ ಬಣ್ಣದಿಂದ ಆರರ ಬುಡಕ್ಕೆ ಕೆಂಪು ಚುಕ್ಕೆ ಇಟ್ಟೆ, ಮತ್ತೆ ತಪ್ಪಬಾರದೆಂದು. ಚುಕ್ಕೆ ಇನ್ನೂ ಇದೆ. ಅದನ್ನು ಇಡುವಾಗ ಕಾಕಾ ಬಾಗಿಲಲ್ಲಿ ನಿಂತು ನೋಡಿದ್ದರಂತೆ. ಇಂದೇ ಹೇಳಿದರು, ನನಗೊಬ್ಬಳಿಗೆ.