ಕೊನೆಯ ಪುಟದ ಎಡಗಿವಿ

ಮನೆ, ಕಿಟಕಿ ಪಕ್ಕದ ಮೇಜು
ಜೂನ್ 9, ಸೋಮವಾರ ಸಂಜೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಕತ್ತು ನೋವು ಇಳಿಯಿತಾ? ಬಗ್ಗಿ ಕೂತು ಚಿತ್ರ ಬರೆಯಬೇಡ, ಹಲಗೆಯನ್ನು ಸ್ವಲ್ಪ ಎತ್ತರಿಸಿಕೋ ಎಂದು ಎಷ್ಟು ಬಡಕೊಂಡರೂ ನೀನು ಮಾಡುವವಳಲ್ಲ. ನಿನ್ನ ಶಾಲೆಯ ಮಕ್ಕಳು ಈಗಲೂ ಬಣ್ಣದ ನೀರನ್ನು ಒಬ್ಬರ ಮೇಲೊಬ್ಬರು ಚೆಲ್ಲಿಕೊಳ್ಳುತ್ತಾರಾ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿ ನೋವು ಕಡಿಮೆಯಾಗಿದೆ, ಅದರ ಬದಲು ಬಾಯಿ ಜೋರಾಗಿದೆ. ನನಗೆ ಹೊಸ ಕನ್ನಡಕ ಬಂತು. ಇನ್ನೂ ಹತ್ತು ವರ್ಷ ಪ್ರೂಫ್ ನೋಡಬಹುದು ಎಂದರು ಕಣ್ಣಿನ ಡಾಕ್ಟರು. ಕಣ್ಣು ಸರಿಯಿದ್ದರೆ ಸಾಲದು ಎಂದು ನನಗೆ ಹೋದ ವಾರ ಗೊತ್ತಾಯಿತು, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು "ಹೋಗ್ಲಿ ಬಿಡಪ್ಪಾ" ಎಂದು ಮುಗಿಸಿಬಿಡುತ್ತೀಯ. ಇದು ಹಾಗೆ ಬಿಡುವಂಥದ್ದಲ್ಲ. ನಿನ್ನ ಪುಸ್ತಕದ ಕೊನೆಯ ಪುಟವನ್ನು ನಾನು ಕೆಡಿಸಿದ್ದೇನೆ. ಸಾವಿರ ಪ್ರತಿಗೂ ಆ ಹಾಳೆ ಅಚ್ಚಾಗಿ ಹೋಗಿದೆ.

ಬೈಯುವ ಮುಂಚೆ ಪೂರ್ತಿ ಓದು. ನಮ್ಮ ಅಚ್ಚುಮನೆಯ ಯಜಮಾನರಿಗೆ ನೀನು ಬರೆದಿದ್ದ ಚೀಟಿಯನ್ನು ಅವರು ಎಲ್ಲರ ಮುಂದೆ ಓದಿದರು: "ಕೊನೆಯ ಪ್ರೂಫ್ ನನಗೆ ಕಳಿಸಬೇಡಿ, ಅಪ್ಪ ನೋಡಿದರೆ ಸಾಕು." ನಾನು ಉಬ್ಬಿಹೋದೆ. ಮೂವತ್ತೊಂದು ವರ್ಷ ಕಂಡವರ ತಪ್ಪು ಹುಡುಕಿಯೇ ಬದುಕಿದವನು ನಾನು, ಮಗಳ ಪುಸ್ತಕದಲ್ಲಿ ಒಂದು ಚುಕ್ಕೆ ಆಚೀಚೆ ಆಗಲು ಬಿಡುತ್ತೇನೆಯೇ? ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ನನ್ನ ಓದುವ ರೀತಿ ನಿನಗೆ ಗೊತ್ತೇ ಇದೆ. ಕತೆಯೊಳಗೆ ಮನಸ್ಸು ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇನೆ. ಹಾಗಾಗಿ ನಿನ್ನ ಕತೆಯ ಕತ್ತೆಮರಿಯನ್ನು ನಾನು ಮೊದಲು ನೋಡಿದ್ದೇ ಬರಿದಲೆಯಲ್ಲಿ. "ಮರಿ ಟೋಪಿ ತೆಗೆದು ಗಾಳಿಗೆ ನಿಂತಿತು" ಎಂದು ಒಂದೇ ಸಾಲು. ಮೇಲೆ ಚಿತ್ರ. ಬಲಗಿವಿ ಉದ್ದಕ್ಕೆ ಚೆನ್ನಾಗಿದೆ, ಎಡಗಿವಿ ಮೊಗ್ಗಿನಷ್ಟೇ ಇದೆ. ಕತ್ತು ನೋವಿನಲ್ಲಿ ಹುಡುಗಿ ಅವಸರ ಮಾಡಿದ್ದಾಳೆ ಪಾಪ ಎಂದುಕೊಂಡು ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ "ಎಡಗಿವಿ ಚಿಕ್ಕದಾಗಿದೆ, ಸರಿಪಡಿಸಿ" ಎಂದು ಬರೆದೆ. ಪುಟ ಜೋಡಿಸುವಾಕೆ, "ಸಾರ್, ಬರೆದವ್ರನ್ನ ಒಂದ್ ಮಾತು ಕೇಳೋಣ್ವಾ?" ಎಂದಳು. "ಬರೆದೋಳು ನನ್ ಮಗಳಮ್ಮಾ, ಅವಳನ್ನೇನ್ ಕೇಳೋದು!" ಎಂದು ಗತ್ತಿನಲ್ಲಿ ಹೇಳಿದೆ. ಆಕೆ ಬಲಗಿವಿಯನ್ನೇ ತಿರುಗಿಸಿ ಎಡಗಡೆಗೆ ಕೂರಿಸಿದಳು. ನಾನು ಸಹಿ ಹಾಕಿದೆ.

ಗುರುವಾರ ಹಾಳೆಗಳು ಹೊಲಿಗೆ ವಿಭಾಗಕ್ಕೆ ಹೋದವು. ಅಲ್ಲಿ ಪುಸ್ತಕ ಹೊಲಿಯುವ ಅಕ್ಕ ಒಬ್ಬಳಿದ್ದಾಳೆ, ಕೈಗೆ ಬಂದದ್ದನ್ನೆಲ್ಲ ಮಡಚುತ್ತಲೇ ಓದುವವಳು, ಅದೂ ಎಲ್ಲರ ಹಾಗೆ ಮೊದಲಿನಿಂದ. ಸೀದಾ ನನ್ನ ಮೇಜಿಗೆ ಬಂದು, "ಸಾರ್, ಕಿವಿ ಎರಡೂ ಸರಿಯಾಗೇ ಇದ್ರೆ ಈ ಮರಿ ಯಾಕೆ ಟೋಪಿ ತೆಗೀದೇ ಇಲ್ಲ?" ಎಂದಳು. ಚಳಿಗೆ ಎಂದೆ. "ಬೇಸಿಗೇಲೂ ಹಾಕ್ಕೊಂಡಿದ್ಯಲ್ಲ ಸಾರ್, ಸ್ನಾನ ಮಾಡುವಾಗ್ಲೂ?" ಎಂದಳು. ನನಗೆ ರೇಗಿತು. ಹೋಗಮ್ಮಾ ನಿನ್ನ ಕೆಲಸ ನೋಡು ಎಂದು ಕಳಿಸಿ, ಹಾಳೆಗಳನ್ನು ಮನೆಗೆ ತಂದು ಮೇಜಿನ ಮೇಲೆ ಹರಡಿದೆ.

ನಿಮ್ಮಮ್ಮ ಲೋಟ ಇಡಲು ಬಂದವಳು ನಿಂತೇಬಿಟ್ಟಳು. "ಅಯ್ಯೋ, ಈ ಕೆಂಪು ಉಲ್ಲನ್ ಟೋಪಿ ನೀವು ತಂದಿದ್ದಲ್ವಾ, ಅವಳು ಶಾಲೆಗೆ ಸೇರಿದ ವರ್ಷ?" ಎಂದಳು. ಹುಲ್ಲಿನ ಟೋಪಿಯನ್ನೂ ಗುರುತಿಸಿದಳು. ಹೂವಿನ ಸ್ಕಾರ್ಫ್, ಕಿವಿಯ ಮೇಲೆ ಇಳಿಬೀಳುವ ನೀಲಿ ಟೋಪಿ, ಒಂದೊಂದೂ ನಾನೇ ಕೊಂಡು ತಂದದ್ದು ಗುಬ್ಬೀ. ಪ್ರೂಫ್ ನೋಡುವಾಗ ಎಷ್ಟು ಚಂದ ಬರೆದಿದ್ದಾಳೆ ಎಂದು ಮೆಚ್ಚಿಕೊಂಡಿದ್ದೆ, ಗುರುತೇ ಹತ್ತಿರಲಿಲ್ಲ. ಮರಿ ಕೇಳದೇ ಇದ್ದರೂ ಹೊಸ ಹೊಸ ಟೋಪಿ ಹೊತ್ತು ತರುವ ಅಪ್ಪ ಕತ್ತೆಯನ್ನು ನೋಡಿ ನಕ್ಕೂ ಇದ್ದೆ. ಆವತ್ತು ಮೊದಲ ಸಲ ನಿನ್ನ ಪುಸ್ತಕವನ್ನು ಮುಂದಿನಿಂದ ಓದಿದೆ. ಓದಿ, ಊಟಕ್ಕೆ ಕರೆದರೂ ಏಳಲಾಗಲಿಲ್ಲ.

ನಿನಗೆ ಒಂದು ದಿನವೂ ಹೇಳದ ಮಾತು ಇದೆ. ನನ್ನ ಎಡಗೈಯ ಆರನೇ ಬೆರಳು ನಮ್ಮ ಮನೆಯವರನ್ನು ಬಿಟ್ಟರೆ ಹೊರಗಿನ ಹೆಚ್ಚಿನವರಿಗೆ ಗೊತ್ತಿಲ್ಲ. ಅಚ್ಚುಮನೆಯಲ್ಲೂ ಆ ಕೈಯನ್ನು ಕಾಗದದ ಅಡಿಯಲ್ಲೋ ಜೇಬಿನಲ್ಲೋ ಇಟ್ಟೇ ಇಷ್ಟು ವರ್ಷ ಕಳೆದೆ. ನೀನು ಹುಟ್ಟಿದ ದಿನ ನರ್ಸಮ್ಮ ಬಟ್ಟೆ ಸರಿಸಿ ಮೊಗ್ಗಿನಷ್ಟೇ ಇದ್ದ ನಿನ್ನ ಎಡಗಿವಿ ತೋರಿಸಿದಾಗ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ನನ್ನಿಂದಲೇ ಬಂತು, ನನ್ನ ಮಗಳೂ ಹೀಗೇ ಬಚ್ಚಿಟ್ಟುಕೊಂಡು ಬದುಕಬೇಕು ಎನಿಸಿತು. ಅದಕ್ಕೇ ಜಡೆಯನ್ನು ಯಾವಾಗಲೂ ಎಡಗಡೆಗೆ ಎಳೆದು ಹಾಕುತ್ತಿದ್ದೆ. ಅದಕ್ಕೇ ಟೋಪಿ. ಯಾರೂ ನಿನ್ನನ್ನು ಆಡಿಕೊಳ್ಳಬಾರದು ಎಂಬ ಪ್ರೀತಿಯಿಂದಲೇ ಮಾಡಿದೆ, ಆದರೆ ಮುಚ್ಚಬೇಕಾದ್ದು ಏನೋ ಇದೆ ಎಂದು ನಿನಗೆ ಕಲಿಸಿದವನು ನಾನೇ. ನೀನೋ, ನಾಲ್ಕು ವರ್ಷದವಳು, ರಸ್ತೆ ದಾಟುವಾಗ ನನ್ನ ಜೇಬಿಗೆ ಕೈ ತೂರಿಸಿ ಆ ಆರನೇ ಬೆರಳನ್ನೇ ಹುಡುಕಿ ಹಿಡಿಯುತ್ತಿದ್ದೆ. "ಇದು ನನ್ ಸೈಜಿಂದು" ಎನ್ನುತ್ತಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ.

"ಅಪ್ಪ ನೋಡಿದರೆ ಸಾಕು" ಎಂದು ನೀನು ಯಾಕೆ ಬರೆದೆ ಎಂದು ಈಗ ಅರ್ಥವಾಗುತ್ತಿದೆ. ನೀನು ನನಗೆ ತೋರಿಸಿದೆ, ನಾನು ತಿದ್ದಿ ವಾಪಸು ಕೊಟ್ಟೆ. ನನ್ನನ್ನು ಕ್ಷಮಿಸು ಮಗಳೇ. ಮಕ್ಕಳ ಪುಸ್ತಕ ಎಂದುಕೊಂಡಿದ್ದೆ, ಅರವತ್ತೊಂದರ ಈ ಮುದುಕನಿಗೂ ಅದರಲ್ಲಿ ಪಾಠ ಇಟ್ಟಿದ್ದೀಯ ಕಳ್ಳಿ.

ಈಗ ಕೆಲಸದ ಮಾತು. ಶುಕ್ರವಾರ ಬೆಳಿಗ್ಗೆಯೇ ಹೋಗಿ ಹೊಲಿಗೆ ನಿಲ್ಲಿಸಿದೆ. ಯಜಮಾನರು, "ಎರಡು ಕಿವೀನೂ ಸಮ ಇದ್ರೇನೇ ಲಕ್ಷಣ ಕಣ್ರೀ, ಯಾರು ನೋಡ್ತಾರೆ?" ಎಂದರು. ನನ್ನ ಮಗಳು ನೋಡುತ್ತಾಳೆ ಎಂದೆ. ನನ್ನ ದನಿ ಅಷ್ಟು ಏರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೆ ಒಪ್ಪಿದರು, ಆದರೆ ಈ ಸಲ ಬರೆದವರ ಸಹಿಯೇ ಬೇಕಂತೆ, ನನ್ನ ಸಹಿ ನಡೆಯುವುದಿಲ್ಲವಂತೆ. ನ್ಯಾಯವೇ. ನಿನ್ನ ಮೂಲ ಚಿತ್ರದ ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ಸಹಿ ಹಾಕಿ ಮುಂದಿನ ಸೋಮವಾರದೊಳಗೆ ತಲುಪುವಂತೆ ಕಳಿಸು, ಇಲ್ಲದಿದ್ದರೆ ಸರಿ ಕಿವಿಯ ಮರಿಯೇ ಅಂಗಡಿಗೆ ಹೋಗುತ್ತದೆ. ಆ ಹೊಲಿಗೆಯಕ್ಕನ ಬಳಿ ಹೋಗಿ ರೇಗಿದ್ದಕ್ಕೆ ತಪ್ಪಾಯಿತು ಎಂದೆ. ಮೊದಲ ಪ್ರತಿ ತನಗೇ ಕೊಡಬೇಕು ಎಂದಿದ್ದಾಳೆ.

ನಿಮ್ಮಮ್ಮ ನಿನ್ನ ನೆನಪು ಮಾಡದ ಹೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಸದಾ ಚೆನ್ನಾಗಿರಲಿ, ಕಣ್ತುಂಬ ನಿದ್ದೆ ಬರಲಿ.

ಇಂತು ನಿನ್ನ
ದೊಡ್ಡ ಕತ್ತೆ,
ಅಪ್ಪ

ಮರೆತೇಬಿಟ್ಟಿದ್ದೆ: ಹಿಂದಿನ ರಟ್ಟಿಗೆ ನಿನ್ನ ಫೋಟೋ ಬೇಕಂತೆ. ಮನೆಯ ಆಲ್ಬಮ್‌ಗಳನ್ನೆಲ್ಲ ತಿರುವಿ ಹಾಕಿದೆ. ಇಪ್ಪತ್ತೊಂಬತ್ತು ವರ್ಷದ ಫೋಟೋಗಳಲ್ಲಿ ನಿನ್ನ ಎಡಗಿವಿ ಇರುವುದು ಒಂದೂ ಇಲ್ಲ, ಎಲ್ಲದರಲ್ಲೂ ನಿನ್ನನ್ನು ತಿರುಗಿಸಿ ನಿಲ್ಲಿಸಿದ್ದೇನೆ. ಹೊಸದೊಂದು ತೆಗೆಸಿ ಕಳಿಸು. ಹೇಗೆ ನಿಲ್ಲಬೇಕು ಎಂದು ಈ ಸಲ ನಾನು ಹೇಳುವುದಿಲ್ಲ, ನಿನ್ನಿಷ್ಟ. ನಾನು ಇವತ್ತೇ ಸ್ಟುಡಿಯೋಗೆ ಹೋಗಿ ನನ್ನದೊಂದು ತೆಗೆಸಿಕೊಂಡು ಬಂದೆ, ಲಕೋಟೆಯಲ್ಲಿದೆ. ಫೋಟೋದವನು "ಎಡಗೈ ಕೆಳಗಿಡಿ ಸಾರ್" ಎಂದ. ಇರಲಿ ಬಿಡಪ್ಪಾ ಎಂದೆ. ಕೈ ಮೇಜಿನ ಮೇಲಿದೆ ನೋಡು, ನಿನ್ನ ಸೈಜಿನ ಬೆರಳು ಸ್ಪಷ್ಟವಾಗಿ ಬಂದಿದೆ.