ಯಾರ ಸರಾಸರಿ?

೧೦-೧೧-೮೬, ಸೋಮವಾರ
ಬಾಣಂತಿಗೆ ನೀರು ಹಾಕಿದ್ದಾಯಿತು. ಕೂಸಿಗೂ. ಲಿಂಗಪೂಜೆಗೆ ಕೂತೆ, ಮನಸ್ಸು ನಿಲ್ಲಲಿಲ್ಲ.

ಮಗಳು ರುದ್ರಾಣಿ ಹೆತ್ತು ಇಂದಿಗೆ ಹನ್ನೊಂದು ದಿನ. ಕೂಸು ಪಕ್ಕದಲ್ಲಿದೆ, ಚಿಂತೆ ನ್ಯಾಮತಿ ಹೈಸ್ಕೂಲಿನ ಕಂಪ್ಯೂಟರಿನದು. ಅವಳು ಅಲ್ಲಿ ಲೆಕ್ಕದ ಟೀಚರ್. ಮಕ್ಕಳ ಅಂಕದ ಸರಾಸರಿ ತೆಗೆಯುವ ಪ್ರೋಗ್ರಾಂ ಬರೆದಿಟ್ಟು ಬಂದಿದ್ದಾಳೆ. ಶನಿವಾರ ಇಲಾಖೆಯ ಸಾಹೇಬರು ನೋಡಲು ಬರುತ್ತಾರಂತೆ. ಸರಿಯಾಗಿ ನಡೆಯದಿದ್ದರೆ ಮಿಷನ್ನು ಜಗಳೂರಿನ ಶಾಲೆಗೆ ಹೋಗುತ್ತದಂತೆ.

೧೧-೧೧, ಸಂಜೆ
ಅವಳ ಬದಲಿಗಿರುವ ಮಲ್ಲಿಕಾರ್ಜುನಪ್ಪ ಮೇಷ್ಟ್ರು ಹೊನ್ನಾಳಿಗೆ, ನಮ್ಮ ಮನೆಗೇ ಬಂದರು. ಬಾಣಂತಿ ಕೋಣೆಯ ಬಾಗಿಲಾಚೆ ಕೂತರು.

"ಫಸ್ಟ್ ಬರೋ ಹುಡುಗಂಗೆ ಸರಾಸರಿ ಹನ್ನೆರಡು ಬಂತ್ರೀ ಮೇಡಂ. ಅವ್ರಪ್ಪ ನೋಡಿದ್ರೆ ನನ್ನ ಬಿಡ್ತಾನೇನು?"

ಒಳಗಿಂದ ರುದ್ರಾಣಿ— "N ಅಂದ್ರೆ ವಿಷಯ, ಆರು. M ಅಂದ್ರೆ ಮಕ್ಕಳು, ನಲವತ್ತು. ತಿರುವು ಮುರುವು ಹಾಕೀರಿ ಸಾರ್."

"ನಿಮ್ಮ ತಲೆಯಾಗಿರೋದು ನನಗೆ ಹೆಂಗ್ ತಿಳೀಬೇಕು? ಮೂರು ಪುಟಾನೂ ಬರೀ ಒಂದೊಂದು ಅಕ್ಷರ ಐತೆ."

ಹೊಸದಾಗಿ ಬರೆದುಕೊಡುತ್ತೇನೆಂದು ಹಾಳೆ ಕೇಳಿದಳು. ಕೊಡಲಿಲ್ಲ. ಹಸಿ ಬಾಣಂತಿ ಓದಿ ಬರೆದರೆ ಕಣ್ಣು ಸೋಲುತ್ತದೆ. ಗೋಡೆಗೆ ಮುಖ ಮಾಡಿ ಮಲಗಿದಳು. ಊಟ ಅರ್ಧಕ್ಕೇ ಬಿಟ್ಟಳು... ಹಾಲು ಇಳಿಯದಿದ್ದರೆ?

೧೨-೧೧
ಅವಳು ಹೇಳಲಿ, ನಾನು ಬರೆಯುತ್ತೇನೆ. ಶಿವ ಮೆಚ್ಚುತ್ತಾನೋ ಇಲ್ಲವೋ. ಹಾಳೆ ಹಿಡಿದು ಕೂತೆ.

"N ಅಂತ ಬರಿಯವ್ವ."

"ಮತ್ತೆ ಅದೇನಾ? ನಿಮ್ಮಪ್ಪನ ಹೆಸರು ಹೇಳಬಾರದಂತ ನಾನು 'ಅವ್ರು' ಅಂತೀನಿ. ನಿನಗೆ ತಿಳೀತೈತೆ. ಬಸ್ ಸ್ಟ್ಯಾಂಡಿನಾಗೆ ನಿಂತು 'ಅವ್ರು ಬಂದ್ರಾ' ಅಂತ ಕೇಳಿದ್ರೆ ಯಾರಿಗೆ ತಿಳೀತೈತೆ?"

ನಕ್ಕಳು. ನಿನ್ನೆಯಿಂದ ಇದೇ ಮೊದಲು.

"ಹಂಗಾರೆ ನೀನೇ ಇಡು ಹೆಸರು."

ಒಟ್ಟು. ವಿಷಯಗಳು. ಮಕ್ಕಳು. ಸರಾಸರಿ. ಕೆಳಗೆ ಇನ್ನೊಂದು ಸರಾಸರಿ ಬಂತು. ತಡೆದೆ.

"ಇದು ಯಾರ ಸರಾಸರಿ?"

"ಮೊದಲಿಂದು ಒಬ್ಬ ಹುಡುಗಂದು. ಇದು ಇಡೀ ಕ್ಲಾಸಿಂದು."

"ಹಂಗೇ ಬರೀಬೇಕು ಮತ್ತೆ."

"ಉದ್ದ ಆಗ್ತೈತವ್ವ."

"ಆಗ್ಲಿ ಬಿಡು. ಹೊರೋದು ನೀನಾ?"

ಹುಡುಗನ ಸರಾಸರಿ, ಕ್ಲಾಸಿನ ಸರಾಸರಿ— ಕನ್ನಡದಲ್ಲೇ ಬರೆದೆ. ಮೇಷ್ಟ್ರು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿಕೊಳ್ಳುತ್ತಾರಂತೆ. ಮಧ್ಯಾಹ್ನದ ಬಸ್ಸಿಗೆ ಕಳಿಸಿದ್ದಾಯಿತು. ಒಂದು ಸಾಲು ತಪ್ಪಿದ್ದರೂ ಅದು ನನ್ನ ಕೈಯದು.

೧೫-೧೧, ಶನಿವಾರ, ಸಂಜೆ
ಮೂರು ಬಸ್ಸು ಬಂದು ಹೋದವು. ಮೇಷ್ಟ್ರಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿಸಿದೆ. ನಾಲ್ಕನೆಯದಕ್ಕೆ ಬಂದರು.

"ಸಾಹೇಬ್ರು ನೀವಿಟ್ಟ ಹೆಸ್ರು ತಾವೇ ಓದ್ಕೊಂಡು ಅಂಕ ತುಂಬಿದ್ರು ಅಮ್ಮಾರೆ. ನನ್ನ ಒಂದ್ ಮಾತು ಕೇಳ್ಲಿಲ್ಲ. ಆ ಹುಡುಗಂಗೆ ಎಂಬತ್ತು ಬಂತು. ಮಿಷನ್ ನ್ಯಾಮತಿಯಾಗೇ ಇರ್ತೈತೆ."

ಒಳಗೆ ರುದ್ರಾಣಿ ಬಿಕ್ಕುವುದು ಕೇಳಿತು. ಬಾಣಂತಿ ಅಳಬಾರದು. ಬೈದೆ.

ಮೇಷ್ಟ್ರು ಹೋದದ್ದೇ ತಡ, ಹೊಸ ಲೆಕ್ಕ ತೆಗೆದಿದ್ದಾಳೆ. ಇದು ಸರಾಸರಿ ಅಲ್ಲವಂತೆ. ಅಂಕದ ಪ್ರಕಾರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಅಂಕವಂತೆ. ಹೆಸರೇನಿಡಲಿ ಎಂದು ಕೂಗುತ್ತಿದ್ದಾಳೆ. ನಾನಾದರೆ ಅದಕ್ಕೆ 'ಕ್ಲಾಸಿನ ನಡುವಿನ ಅಂಕ' ಅಂತಲೇ ಇಡುತ್ತೇನೆ, ಉದ್ದವಾದರೆ ಆಗಲಿ.